ಅಕಸ್ಮಾತ್ ಆರುವ ಲ್ಯಾಪ್‌ಟಾಪ್: ಕಾರಣಶೋಧನೆಯ ಒಂದು ಕ್ರಮ

‘ಅಕಸ್ಮಾತ್’ ಎಂಬುದು ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ಸಂಸ್ಕೃತದ ಅವ್ಯಯ. ‘ಕಸ್ಮಾತ್’ ಎಂದರೆ ‘ಯಾವುದರಿಂದ’, ‘ಯಾವ ಕಾರಣದಿಂದ’. ಅದಕ್ಕೆ ನಿಷೇಧಾರ್ಥದ ಅಕಾರವು ಸೇರಿ ‘ಯಾವ ಕಾರಣದಿಂದಲೂ ಅಲ್ಲದೆ’ ಎಂಬ ಅರ್ಥವು ಸಿದ್ಧಿಸಿತು. ಕಾಲಕ್ರಮದಲ್ಲಿ ಆ ಮೂಲಾರ್ಥವು ಸವೆದು, ಇಂದು ‘ಹಠಾತ್ತಾಗಿ’, ‘ಅನಿರೀಕ್ಷಿತವಾಗಿ’ ಎಂಬಷ್ಟೇ ಉಳಿದಿದೆ. ಆದರೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತು ಬರೆಯುತ್ತಿದ್ದವರು ತೆರೆಯು ಕಪ್ಪಾದ ಕ್ಷಣದಲ್ಲಿ ‘ಅಕಸ್ಮಾತ್ ಆರಿಹೋಯಿತು’ ಎಂದು ಉದ್ಗರಿಸುವಾಗ ಮೂಲಾರ್ಥವೇ ಮರಳಿ ಬಂದಂತೆ ತೋರುತ್ತದೆ. ಅವರ ಎಣಿಕೆಯಲ್ಲಿ ಯಂತ್ರವು ಕಾರಣವಿಲ್ಲದೆಯೇ ಆರಿತು. ಕಾರಣವಿಲ್ಲದ ರೋಗಕ್ಕೆ ಚಿಕಿತ್ಸೆಯೂ ಇಲ್ಲವಷ್ಟೆ; ಆದುದರಿಂದ ಅದನ್ನು ಕೊಠಡಿಯ ಮೂಲೆಗೆ ಸರಿಸಿ, ಮೇಲೊಂದು ಹಳೆಯ ವಸ್ತ್ರವನ್ನು ಹೊದಿಸುವುದು ಮುಂದಿನ ಕಾರ್ಯ. ತರ್ಕಶಾಸ್ತ್ರವು ಇದನ್ನು ಒಪ್ಪದು. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದು ಅದರ ಮೊದಲ ಪಾಠ. ಮನುಷ್ಯನ ಮನಸ್ಸಿನ ವಿಷಯದಲ್ಲಿ ಈ ಮಾತಿಗೆ ಆಕ್ಷೇಪವೆತ್ತುವವರು ಇರಬಹುದು. ಯಂತ್ರದ ವಿಷಯದಲ್ಲಿ ಅದಕ್ಕೆ ಎಡೆಯೇ ಇಲ್ಲ.

ಶಾಲೆಗಳ ಮಟ್ಟಿಗೆ ಇದು ಅಲಕ್ಷಿಸತಕ್ಕ ವಿಷಯವಲ್ಲ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಲ್ಯಾಪ್‌ಟಾಪುಗಳು ಹಳೆಯ ವಿದ್ಯಾರ್ಥಿಗಳ ಮೂಲಕವೋ ದಾನಿಗಳ ಮೂಲಕವೋ ಗ್ರಾಮಾಂತರ ಪ್ರೌಢಶಾಲೆಗಳ ಗಣಕ ಕೊಠಡಿಗಳನ್ನು ಸೇರುವುದು ಇಂದು ಸಾಮಾನ್ಯ ಸಂಗತಿ. ಅಂಕಪಟ್ಟಿ, ಪ್ರಶ್ನಪತ್ರಿಕೆ, ದಾಖಲಾತಿ ವಹಿಗಳ ಪ್ರತಿ, ಕೆಲವೆಡೆ ಓಲೆಗರಿಯ ಪಾಠವನ್ನು ನೋಡಿ ಅಕ್ಷರಜೋಡಣೆ ಮಾಡುವ ಕೆಲಸ, ಎಲ್ಲವೂ ಅವುಗಳಲ್ಲಿಯೇ ನಡೆಯುತ್ತವೆ. ಒಂದು ಗರಿಯ ಮಸುಕಾದ ಸಾಲುಗಳನ್ನು ಭೂತಗನ್ನಡಿಯಿಂದ ಓದಿ, ಪಾಠಾಂತರಗಳನ್ನು ಗುರುತಿಸಿ, ಎರಡು ತಾಸು ಶ್ರಮಿಸಿ ಮೂಡಿಸಿದ ಪುಟವು ಒಂದು ನಿಮಿಷದಲ್ಲಿ ಇಲ್ಲವಾದರೆ ಆಗುವ ನಷ್ಟವನ್ನು ಯಂತ್ರದ ಬೆಲೆಯಲ್ಲಿ ಅಳೆಯಲಾಗದು. ಇತ್ತ ತುಸು ಧೂಳನ್ನು ತೆಗೆದಿದ್ದರೆ ಇನ್ನೂ ಹಲವು ವರ್ಷ ದುಡಿಯಬಹುದಾಗಿದ್ದ ಯಂತ್ರವು ಗುಜರಿಯನ್ನು ಸೇರುವುದೂ ನಷ್ಟವೇ.

ಮಾತು ನಿರ್ದಿಷ್ಟವಾಗಲೆಂದು ಒಂದು ಯಂತ್ರವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಲೆನೊವೊ ಸಂಸ್ಥೆಯು ೨೦೧೧ರಲ್ಲಿ ಹೊರತಂದ ಥಿಂಕ್‌ಪ್ಯಾಡ್ ಟಿ೪೨೦ ಎಂಬುದು ಕಚೇರಿಗಳಿಗಾಗಿ ನಿರ್ಮಿತವಾದ ಗಟ್ಟಿಮುಟ್ಟಾದ ಯಂತ್ರ. ಎರಡನೆಯ ಕೈಯ ಮಾರುಕಟ್ಟೆಯಲ್ಲಿ ಅದಕ್ಕೆ ಬಹುಕಾಲ ಬೇಡಿಕೆಯಿತ್ತು. ಅದರ ಒಳಗಿರುವುದು ಇಂಟೆಲ್‌ನ ಎರಡನೆಯ ತಲೆಮಾರಿನ ಪ್ರೊಸೆಸರ್. ಬ್ಯಾಟರಿಯನ್ನು ಕೈಯಿಂದಲೇ ಕಳಚಿ ತೆಗೆಯಬಹುದು. ಬಿಚ್ಚುವ, ಜೋಡಿಸುವ ಕ್ರಮವನ್ನು ಚಿತ್ರಸಹಿತ ವಿವರಿಸುವ ಕೈಪಿಡಿಯನ್ನು ಸಂಸ್ಥೆಯೇ ಪ್ರಕಟಿಸಿದೆ. ಆದುದರಿಂದ ಕಲಿಯುವವರಿಗೆ ಇದು ಅನುಕೂಲವಾದ ಯಂತ್ರ. ಇಲ್ಲಿ ಹೇಳುವ ಕ್ರಮವು ಆ ಕಾಲದ ಇತರ ಲ್ಯಾಪ್‌ಟಾಪುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೊದಲು ಕೇಳಿಕೊಳ್ಳಬೇಕಾದುದು ‘ಏಕೆ ಆರಿತು’ ಎಂದಲ್ಲ, ‘ಹೇಗೆ ಆರಿತು’ ಎಂದು. ವೈದ್ಯನು ಔಷಧಕ್ಕೆ ಮುನ್ನ ಲಕ್ಷಣವನ್ನು ಕೇಳುವಂತೆ ಇದು. ಆರುವುದರಲ್ಲಿ ಮೂರು ಬಗೆಗಳುಂಟು. ಯಂತ್ರವು ತೆರೆದ ಕಡತಗಳನ್ನು ಮುಚ್ಚಿ, ವಿಧಿವತ್ತಾಗಿ ವಿರಮಿಸುವುದು ಒಂದು. ನಿದ್ರೆಗೆ ಜಾರುವುದು ಇನ್ನೊಂದು. ಗುಂಡಿಯನ್ನು ಒತ್ತಿದೊಡನೆ ಬಿಟ್ಟ ಕೆಲಸವು ಬಿಟ್ಟಲ್ಲಿಯೇ ಕಾಣಿಸಿಕೊಂಡರೆ ಅದು ಆರಿದ್ದಲ್ಲ, ಮಲಗಿದ್ದು. ಮೂರನೆಯದು, ಕತ್ತರಿಯಿಂದ ದಾರವನ್ನು ಕತ್ತರಿಸಿದಂತೆ ವಿದ್ಯುತ್ತು ನಿಂತುಹೋಗುವುದು. ನಿದ್ರೆಯ ವಿಷಯದಲ್ಲಿ ಒಂದು ವಿನೋದದ ಸಂಗತಿಯುಂಟು. ಮುಚ್ಚಳವು ಮುಚ್ಚಿದೆಯೆಂಬುದನ್ನು ಅನೇಕ ಲ್ಯಾಪ್‌ಟಾಪುಗಳು ಒಂದು ಪುಟ್ಟ ಅಯಸ್ಕಾಂತದ ಸನ್ನಿಧಿಯಿಂದ ಅರಿಯುತ್ತವೆ. ಒಂದರ ಮೇಲೊಂದು ಲ್ಯಾಪ್‌ಟಾಪನ್ನು ಇಟ್ಟು ಕೆಲಸ ಮಾಡಿದರೆ, ಅಥವಾ ಅಯಸ್ಕಾಂತದ ಕೊಂಡಿಯಿರುವ ಕೈಗಡಿಯಾರದ ಪಟ್ಟಿಯು ಆ ತಾಣಕ್ಕೆ ಬಂದರೆ, ಮೇಲಿನ ಯಂತ್ರವು ತನ್ನ ಮುಚ್ಚಳವೇ ಮುಚ್ಚಿತೆಂದು ಭ್ರಮಿಸಿ ಮಲಗಿಬಿಡುತ್ತದೆ. ಹಗ್ಗವನ್ನು ಹಾವೆಂದು ಕಾಣುವ ಭ್ರಾಂತಿ ಯಂತ್ರಕ್ಕೂ ತಪ್ಪಿದ್ದಲ್ಲ!

ಈ ಮೂರು ಬಗೆಗಳನ್ನು ನೆನಪಿನಿಂದ ನಿರ್ಣಯಿಸಬೇಕಾಗಿಲ್ಲ. ವಿಂಡೋಸ್ ಕಾರ್ಯವ್ಯವಸ್ಥೆಯು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ‘ಈವೆಂಟ್ ವ್ಯೂವರ್’ ಎಂಬಲ್ಲಿ ‘ಸಿಸ್ಟಂ’ ವಿಭಾಗವನ್ನು ತೆರೆದರೆ ಪ್ರತಿಯೊಂದು ಘಟನೆಗೂ ಒಂದು ಸಂಖ್ಯೆ ಇರುವುದು ಕಾಣುತ್ತದೆ. ೧೦೭೪ ಎಂಬ ಸಂಖ್ಯೆಯಿದ್ದರೆ ಯಾರೋ, ಅಥವಾ ಯಾವುದೋ ಕಾರ್ಯಕ್ರಮವು, ಅಪ್ಪಣೆಯಿತ್ತು ಯಂತ್ರವನ್ನು ಮುಚ್ಚಿಸಿದೆಯೆಂದು ಅರ್ಥ. ೬೦೦೮ ಮತ್ತು ‘ಕರ್ನಲ್ ಪವರ್’ ಹೆಸರಿನ ೪೧ ಕಂಡರೆ ಹಿಂದಿನ ಸಲ ಯಂತ್ರವು ವಿಧಿವತ್ತಾಗಿ ಮುಚ್ಚಿಲ್ಲ. ಈ ೪೧ನ್ನು ಕಂಡೊಡನೆ ‘ದೋಷವು ಸಿಕ್ಕಿತು’ ಎಂದು ಸಂಭ್ರಮಿಸುವವರು ಅನೇಕರು. ಅದು ಸರಿಯಲ್ಲ. ಈ ನಮೂದು ಬರೆಯಲ್ಪಡುವುದು ಯಂತ್ರವು ಮತ್ತೆ ಎಚ್ಚೆತ್ತ ಮೇಲೆ. ‘ಕಳೆದ ಬಾರಿ ಎಚ್ಚರ ತಪ್ಪಿತ್ತು’ ಎಂದು ರೋಗಿಯೇ ಆಮೇಲೆ ಹೇಳಿದಂತೆ. ಬಿದ್ದುದಕ್ಕೆ ಅದು ಸಾಕ್ಷಿಯೇ ಹೊರತು ಬಿದ್ದ ಕಾರಣಕ್ಕಲ್ಲ. ಇನ್ನೊಂದು ಭೇದವನ್ನೂ ಗಮನಿಸಬೇಕು. ಆರಿದ ಯಂತ್ರವು ತಾನಾಗಿಯೇ ಮತ್ತೆ ಆರಂಭಗೊಂಡರೆ ಸಂಶಯವು ಮೆಮೊರಿ ಅಥವಾ ತಂತ್ರಾಂಶಗಳ ಕಡೆಗೆ ಹೆಚ್ಚು. ಆರಿ ಆರಿಯೇ ಉಳಿದರೆ ಶಾಖ, ಬ್ಯಾಟರಿ, ವಿದ್ಯುತ್ ಜೋಡಣೆಗಳ ಕಡೆಗೆ ಹೆಚ್ಚು.

ಇನ್ನು ಕಾರಣದ ವಿಚಾರ. ಕಾಗೆಯು ತಾಳೆಮರದ ಮೇಲೆ ಕುಳಿತ ಗಳಿಗೆಯಲ್ಲಿಯೇ ಹಣ್ಣು ಉದುರಿದರೆ ಕಾಗೆಯೇ ಉದುರಿಸಿತೆಂದು ಹೇಳುವುದು ಕಾಕತಾಲೀಯ. ನಿನ್ನೆ ಹೊಸ ಅಕ್ಷರವಿನ್ಯಾಸವನ್ನು ಸೇರಿಸಿದೆವು, ಇಂದು ಯಂತ್ರವು ಆರಿತು. ಆದುದರಿಂದ ಅಕ್ಷರವಿನ್ಯಾಸವೇ ದೋಷಿ ಎಂಬುದು ಇದೇ ಜಾತಿಯ ತರ್ಕ. ಇದಕ್ಕೆ ಪ್ರತಿಯಾಗಿ ನೈಯಾಯಿಕರು ಬಳಸುವ ಅಳತೆಗೋಲು ಅನ್ವಯ ಮತ್ತು ವ್ಯತಿರೇಕ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲಿ ಮಾತ್ರ ಕಾರ್ಯಕಾರಣಭಾವವನ್ನು ಶಂಕಿಸಲು ಆಧಾರವಿದೆ. ಲ್ಯಾಪ್‌ಟಾಪಿಗೆ ಇದನ್ನು ಅನ್ವಯಿಸುವುದೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡುವುದು. ಬ್ಯಾಟರಿಯನ್ನೂ ಬದಲಿಸಿ, ಧೂಳನ್ನೂ ತೆಗೆದು, ತಂತ್ರಾಂಶವನ್ನೂ ಹೊಸದಾಗಿ ಸ್ಥಾಪಿಸಿದ ಮೇಲೆ ಯಂತ್ರವು ಸರಿಹೋದರೆ, ಸರಿಹೋದದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯದು. ಮುಂದಿನ ಸಲ ಮೂರಕ್ಕೂ ಹಣವನ್ನು ತೆರಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ಚಿಕ್ಕ ನೋಟುಪುಸ್ತಕ ಅಗತ್ಯ. ಯಂತ್ರವು ಆರಿದಾಗಲೆಲ್ಲ ದಿನ, ವೇಳೆ, ಆರಂಭಿಸಿ ಎಷ್ಟು ಹೊತ್ತಾಗಿತ್ತು, ಚಾರ್ಜರ್ ಸೇರಿಸಿತ್ತೇ ಇಲ್ಲವೇ, ಬ್ಯಾಟರಿಯು ಶೇಕಡಾ ಎಷ್ಟು ತೋರಿಸುತ್ತಿತ್ತು, ತಳವು ಬಿಸಿಯಾಗಿತ್ತೇ, ಗುಂಡಿಯನ್ನು ಒತ್ತಿದೊಡನೆ ಮತ್ತೆ ಹೊತ್ತಿತೇ ಎಂಬಿಷ್ಟನ್ನು ಬರೆದಿಡಬೇಕು. ಗಣಕ ಕೊಠಡಿಯಲ್ಲಿ ಈ ಕೆಲಸವನ್ನು ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಬಹುದು. ಆರೆಂಟು ನಮೂದುಗಳು ಕೂಡುವಷ್ಟರಲ್ಲಿ ಅರ್ಧ ನಿರ್ಣಯವು ತಾನೇ ಹೊರಬೀಳುವುದು ಆಶ್ಚರ್ಯವಲ್ಲ.

ಹಳೆಯ ಲ್ಯಾಪ್‌ಟಾಪುಗಳು ಆರುವ ಕಾರಣಗಳಲ್ಲಿ ಅಗ್ರಸ್ಥಾನವನ್ನು ಕೊಡಬೇಕಾದುದು ಶಾಖಕ್ಕೆ. ಟಿ೪೨೦ರಲ್ಲಿ ಬಳಸಲಾದ ಐ೫-೨೫೨೦ಎಂ ಪ್ರೊಸೆಸರಿನ ಶಾಖಪ್ರಮಾಣವು ೩೫ ವ್ಯಾಟ್. ಅದು ತಾಳಬಲ್ಲ ಗರಿಷ್ಠ ಉಷ್ಣತೆ ೧೦೦ ಡಿಗ್ರಿ ಸೆಲ್ಸಿಯಸ್. ಬೆರಳಿನ ಉಗುರಿನಷ್ಟು ತಾಣದಲ್ಲಿ ಹುಟ್ಟುವ ಆ ಶಾಖವನ್ನು ತಾಮ್ರದ ಕೊಳವೆಯೊಂದು ಹೊತ್ತೊಯ್ದು, ತೆಳುವಾದ ಲೋಹದ ರೆಕ್ಕೆಗಳಿಗೆ ಒಪ್ಪಿಸುತ್ತದೆ. ಫ್ಯಾನು ಆ ರೆಕ್ಕೆಗಳ ನಡುವೆ ಗಾಳಿಯನ್ನು ನೂಕಿ ಬದಿಯ ಕಂಡಿಯಿಂದ ಹೊರಹಾಕುತ್ತದೆ. ಉಷ್ಣತೆಯು ಮಿತಿಗೆ ಸಮೀಪಿಸಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಷ್ಟರಿಂದಲೂ ಶಾಖವು ಇಳಿಯದಿದ್ದಲ್ಲಿ, ಸುಟ್ಟುಹೋಗುವುದಕ್ಕಿಂತ ಆರುವುದೇ ಲೇಸೆಂದು ವಿದ್ಯುತ್ತನ್ನು ಕಡಿಯಲಾಗುತ್ತದೆ. ಆದುದರಿಂದ ಆರುವುದು ಇಲ್ಲಿ ರೋಗವಲ್ಲ, ರಕ್ಷಣೆ. ರೋಗವಿರುವುದು ಶಾಖವು ಹೊರಹೋಗದ ಎಡೆಯಲ್ಲಿ.

ಇದರ ಲಕ್ಷಣಗಳು ಸ್ಪಷ್ಟ. ಕೆಲಸವನ್ನು ಆರಂಭಿಸಿದ ಕೆಲವು ನಿಮಿಷಗಳ ನಂತರ, ಅದರಲ್ಲಿಯೂ ಚಲಚ್ಚಿತ್ರವನ್ನು ನೋಡುವಾಗ ಅಥವಾ ದೊಡ್ಡ ಕಡತವನ್ನು ತೆರೆದಾಗ, ಯಂತ್ರವು ಮೊದಲು ನಿಧಾನವಾಗಿ, ಆಮೇಲೆ ಆರುತ್ತದೆ. ಕೂಡಲೇ ಗುಂಡಿಯನ್ನು ಒತ್ತಿದರೆ ಹೊತ್ತದು, ಹೊತ್ತಿದರೂ ನಿಲ್ಲದು. ಅರ್ಧ ತಾಸು ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಫ್ಯಾನೇ ತಿರುಗದಿದ್ದಲ್ಲಿ ಥಿಂಕ್‌ಪ್ಯಾಡುಗಳು ಆರಂಭದಲ್ಲಿಯೇ ‘ಫ್ಯಾನ್ ಎರರ್’ ಎಂದು ತೋರಿಸಿ ಮುಂದೆ ಸಾಗದೆ ಆರುತ್ತವೆ. ಇದನ್ನು ಓದದೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರನ್ನು ಕಂಡರೆ ಮರುಕವಾಗುತ್ತದೆ. ಯಂತ್ರವು ತನ್ನ ವ್ಯಾಧಿಯ ಹೆಸರನ್ನೇ ಹೇಳುತ್ತಿರುತ್ತದೆ.

ಪರೀಕ್ಷೆಯೂ ಸರಳ. ಉಷ್ಣತೆಯನ್ನು ಅಂಕೆಗಳಲ್ಲಿ ತೋರಿಸುವ ‘ಕೋರ್ ಟೆಂಪ್’, ‘ಎಚ್‌ಡಬ್ಲ್ಯು ಮಾನಿಟರ್’ ಮುಂತಾದ ತಂತ್ರಾಂಶಗಳಿವೆ. ಒಂದನ್ನು ತೆರೆದಿಟ್ಟು ಯಂತ್ರಕ್ಕೆ ಭಾರವಾದ ಕೆಲಸವನ್ನು ಕೊಡಬೇಕು. ಅಂಕೆಯು ೯೫ನ್ನು ದಾಟಿ ೧೦೦ರತ್ತ ಸಾಗುವಾಗಲೇ ಆರಿದರೆ ಅನ್ವಯವು ದೊರೆಯಿತು. ಬಳಿಕ ಯಂತ್ರದ ಹಿಂಬದಿಯ ಎರಡೂ ಮೂಲೆಗಳಿಗೆ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಿ, ಮೇಜಿನ ಫ್ಯಾನಿನ ಗಾಳಿಯನ್ನು ತಳಕ್ಕೆ ಬಿಟ್ಟು ಅದೇ ಕೆಲಸವನ್ನು ಕೊಡಬೇಕು. ಆಗ ಆರದಿದ್ದರೆ ವ್ಯತಿರೇಕವೂ ದೊರೆಯಿತು.

ಲ್ಯಾಪ್‌ಟಾಪಿಗೆ ‘ಮಡಿಲ ಗಣಕ’ವೆಂದು ಹೆಸರಿಟ್ಟವರುಂಟು. ಆಂಗ್ಲ ಹೆಸರಿಗೆ ಅದು ನಿಷ್ಠವಾದ ಅನುವಾದವೇ. ಆದರೆ ಟಿ೪೨೦ರಂತಹ ಯಂತ್ರವನ್ನು ಮಡಿಲಲ್ಲಿಯೋ ಹಾಸಿಗೆಯ ಮೇಲೆಯೋ ದಿಂಬಿನ ಮೇಲೆಯೋ ಇಟ್ಟರೆ, ಗಾಳಿಯನ್ನು ಒಳಗೆ ಎಳೆದುಕೊಳ್ಳುವ ತಳದ ಕಂಡಿಗಳು ಬಟ್ಟೆಯಿಂದ ಮುಚ್ಚಿಹೋಗುತ್ತವೆ. ಹೆಸರು ಕರೆಯುವಲ್ಲಿ ಅದನ್ನು ಕೂರಿಸಲಾಗದೆಂಬುದು ಈ ಯಂತ್ರದ ವಿಡಂಬನೆ. ಮತ್ತೊಂದು ವಿಷಯ: ಈ ಮಾದರಿಯು ಕೆಲಸ ಮಾಡಲು ತಯಾರಕರು ಸೂಚಿಸಿರುವ ಸುತ್ತಲ ಉಷ್ಣತೆಯ ಮೇರೆ ೩೫ ಡಿಗ್ರಿ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ೪೦ ಡಿಗ್ರಿಯನ್ನು ಮೀರುವುದು ಅಪರೂಪವಲ್ಲ. ತಗಡಿನ ಮಾಡಿನ ಕೊಠಡಿಯಾದರೆ ಹೇಳಬೇಕಾಗಿಯೇ ಇಲ್ಲ. ಡಿಸೆಂಬರಿನಲ್ಲಿ ಸರಿಯಾಗಿದ್ದ ಯಂತ್ರವು ಪರೀಕ್ಷಾಫಲಿತಾಂಶಗಳನ್ನು ಸಿದ್ಧಪಡಿಸುವ ಏಪ್ರಿಲಿನಲ್ಲಿಯೇ ಕೈಕೊಟ್ಟರೆ ಅದು ಗ್ರಹಚಾರವಲ್ಲ. ಅಂತಹ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಯುಕ್ತ.

ಶಾಖದ ನಿವಾರಣೆಗೆ ಹೊರಗಿನಿಂದ ಊದುವುದು ಅರೆಬರೆ ಚಿಕಿತ್ಸೆ. ವರ್ಷಗಟ್ಟಲೆ ಒಳಸೇರಿದ ಧೂಳು ಮತ್ತು ಬಟ್ಟೆಯ ಎಳೆಗಳು ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತವೆ. ಹೊರಗಿನಿಂದ ನೋಡಿದರೆ ಅದು ಕಾಣದು. ಬ್ಯಾಟರಿಯನ್ನೂ ಚಾರ್ಜರನ್ನೂ ಬೇರ್ಪಡಿಸಿ, ಕೈಪಿಡಿಯ ಕ್ರಮದಲ್ಲಿ ಬಿಚ್ಚಿ, ಆ ಪದರವನ್ನು ಚಿಮುಟದಿಂದ ಎತ್ತಿ ತೆಗೆಯಬೇಕು. ಬ್ಲೋಯರನ್ನು ಬಳಸುವುದಾದರೆ ಫ್ಯಾನಿನ ಅಲಗುಗಳನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಅದರ ಬೇರಿಂಗು ಕೆಡಬಹುದು. ತೆಗೆದ ತಿರುಪುಗಳನ್ನು ಕಾಗದದ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಅಂಟಿಸಿಡುವುದು ಒಳ್ಳೆಯ ಅಭ್ಯಾಸ. ಉದ್ದನೆಯ ತಿರುಪು ಗಿಡ್ಡನೆಯದರ ಎಡೆಯನ್ನು ಸೇರಿದರೆ ಮದರ್‌ಬೋರ್ಡಿಗೇ ಹಾನಿಯಾದೀತು. ಪ್ರೊಸೆಸರಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟು ಹತ್ತು ವರ್ಷಗಳಲ್ಲಿ ಒಣಗಿ ಸುಣ್ಣದ ಹೆಕ್ಕಳಿಕೆಯಂತಾಗಿರುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಅದನ್ನು ಒರಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟನ್ನು ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪೇಸ್ಟು ಹೆಚ್ಚಾದಷ್ಟೂ ತಂಪು ಹೆಚ್ಚೆಂಬುದು ತಪ್ಪು ಗ್ರಹಿಕೆ.

ಶಾಖದ ಮಾತು ಮುಗಿದಲ್ಲಿ ಬ್ಯಾಟರಿಯ ಮಾತು ಬರುತ್ತದೆ. ಇದರ ಲಕ್ಷಣವೇ ಬೇರೆ. ಯಂತ್ರವು ಬಿಸಿಯಾಗಿಲ್ಲ, ಚಾರ್ಜರ್ ಸೇರಿಸಿಲ್ಲ. ಶೇಕಡಾ ೪೦ರಷ್ಟು ಉಳಿದಿದೆಯೆಂದು ತೋರಿಸುತ್ತಿರುವಾಗಲೇ ತೆರೆಯು ಕಪ್ಪಾಗುತ್ತದೆ. ಚಾರ್ಜರನ್ನು ಸೇರಿಸಿದೊಡನೆ ಹೊತ್ತುತ್ತದೆ. ‘೪೦ ಇದ್ದುದು ಎಲ್ಲಿ ಹೋಯಿತು’ ಎಂಬುದು ಎಲ್ಲರ ಪ್ರಶ್ನೆ. ಟಿ೪೨೦ರ ಆರು ಕೋಶಗಳ ಬ್ಯಾಟರಿಯಲ್ಲಿ ಎರಡೆರಡು ಕೋಶಗಳ ಮೂರು ಜೋಡಿಗಳು ಸಾಲಾಗಿ ನಿಂತಿರುತ್ತವೆ, ಜೋಡಿಯೊಂದಕ್ಕೆ ೩.೬ ವೋಲ್ಟಿನಂತೆ ಒಟ್ಟು ೧೦.೮ ವೋಲ್ಟ್. ಲಿಥಿಯಂ ಅಯಾನ್ ಕೋಶವು ಮುಪ್ಪಾದಂತೆ ಅದು ಹಿಡಿಯುವ ವಿದ್ಯುತ್ತು ಕುಗ್ಗುವುದು ಮಾತ್ರವಲ್ಲ, ಅದರ ಒಳಗಿನ ತಡೆಯೂ ಹೆಚ್ಚುತ್ತದೆ. ಮುದಿಯೆತ್ತು ಸಮನೆಲದಲ್ಲಿ ಬರಿಗಾಡಿಯನ್ನು ಎಳೆದೀತು; ಹೇರು ತುಂಬಿ ಏರು ಬಂದೊಡನೆ ಮಂಡಿಯೂರುತ್ತದೆ. ಹಾಗೆಯೇ ಪ್ರೊಸೆಸರ್ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಬೇಡಿದಾಗ ದುರ್ಬಲ ಜೋಡಿಯ ವೋಲ್ಟೇಜು ಕುಸಿದು, ಬ್ಯಾಟರಿಯೊಳಗಿನ ರಕ್ಷಣಾ ಮಂಡಲವು ಸಂಪರ್ಕವನ್ನು ಕಡಿದುಬಿಡುತ್ತದೆ. ತೋರಿಸಿದ ೪೦ ಎಂಬುದು ಅಳತೆಯಲ್ಲ, ಅಂದಾಜು.

ವ್ಯತಿರೇಕವನ್ನು ಪಡೆಯುವುದು ಇಲ್ಲಿ ತೀರ ಸುಲಭ. ಬ್ಯಾಟರಿಯನ್ನು ಕಳಚಿಟ್ಟು, ಬರಿಯ ಚಾರ್ಜರಿನಿಂದ ಯಂತ್ರವನ್ನು ಒಂದು ದಿನ ನಡೆಸಬೇಕು. ವಿಂಡೋಸ್ ೮ ಮತ್ತು ಅನಂತರದ ಆವೃತ್ತಿಗಳಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆದೇಶದ ಮೂಲಕ ‘ಬ್ಯಾಟರಿ ರಿಪೋರ್ಟ್’ ಎಂಬ ವರದಿಯನ್ನೂ ಪಡೆಯಬಹುದು. ಅದರಲ್ಲಿ ಬ್ಯಾಟರಿಯು ಹುಟ್ಟುವಾಗ ಇದ್ದ ಸಾಮರ್ಥ್ಯ, ಈಗ ಪೂರ್ಣ ತುಂಬಿದಾಗ ಇರುವ ಸಾಮರ್ಥ್ಯ ಎರಡೂ ಇರುತ್ತವೆ. ಮೊದಲು ೫೬ ವ್ಯಾಟ್-ಗಂಟೆ ಇದ್ದುದು ಈಗ ೨೦ ಆಗಿದ್ದರೆ ಬೇರೆ ಪುರಾವೆ ಬೇಡ. ಹೊಸ ಬ್ಯಾಟರಿಯನ್ನು ಕೊಳ್ಳುವಾಗ ಅತಿ ಅಗ್ಗದ ನಕಲಿಗೆ ಮನಸೋಲಬಾರದು. ೨೦೦೬ರ ಆಗಸ್ಟಿನಲ್ಲಿ ಬೆಂಕಿಯ ಭಯದಿಂದ ಡೆಲ್ ಸಂಸ್ಥೆಯು ಸುಮಾರು ೪೧ ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಹೆಸರಾಂತ ತಯಾರಕರಿಗೇ ಹಾಗಾದಲ್ಲಿ ಹೆಸರಿಲ್ಲದವರ ಮಾತೇನು? ಆಮೇಲಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯು ಒಳಗೇ ಹುದುಗಿರುತ್ತದೆ. ಅವುಗಳ ಕೀಲಿಮಣೆಯೋ ಸ್ಪರ್ಶಫಲಕವೋ ಉಬ್ಬಿ ಮೇಲೆದ್ದಂತೆ ಕಂಡರೆ ಅದು ಬ್ಯಾಟರಿಯು ಊದಿಕೊಂಡ ಗುರುತು. ಅಂತಹುದನ್ನು ಮತ್ತೆ ಚಾರ್ಜು ಮಾಡುವುದು, ಒತ್ತಿ ಸಮಮಾಡುವುದು, ಚುಚ್ಚುವುದು ಮೂರೂ ಅಪಾಯ. ಮಕ್ಕಳ ಕೈಗೆ ಸಿಗದಂತೆ ಬೇರೆ ಇಟ್ಟು ತಿಳಿದವರಿಂದಲೇ ತೆಗೆಸಬೇಕು.

ಚಾರ್ಜರ್ ಹಾಗೂ ಸಂಪರ್ಕಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬ್ಯಾಟರಿಯು ಸತ್ತ ಲ್ಯಾಪ್‌ಟಾಪು ಯು.ಪಿ.ಎಸ್. ಇಲ್ಲದ ಮೇಜಿನ ಗಣಕಕ್ಕೆ ಸಮಾನ; ಕರೆಂಟು ಹೋದ ಗಳಿಗೆಯಲ್ಲಿ, ಗೋಡೆಯ ಸಾಕೆಟ್ಟಿನಲ್ಲಿ ಪ್ಲಗ್ಗು ಸಡಿಲಗೊಂಡ ಗಳಿಗೆಯಲ್ಲಿ ಅದು ಆರಲೇಬೇಕು. ಗಣಕ ಕೊಠಡಿಯಲ್ಲಿ ಬೆಂಚನ್ನು ಎಳೆದಾಗಲೆಲ್ಲ ಒಂದೇ ಯಂತ್ರವು ಆರುತ್ತಿದ್ದರೆ ಯಂತ್ರಕ್ಕಿಂತ ಮೊದಲು ಸಾಕೆಟ್ಟನ್ನು ನೋಡಬೇಕು. ವೈರನ್ನು ಅಲುಗಿಸಿದಾಗ ಚಾರ್ಜು ಸೂಚಿಸುವ ದೀಪವು ಮಿನುಗಿದರೆ ಯಂತ್ರದ ಬದಿಯ ಜ್ಯಾಕಿನಲ್ಲಿ ಬೆಸುಗೆಯು ಬಿಟ್ಟಿರಬಹುದು. ಟಿ೪೨೦ಕ್ಕೆ ೨೦ ವೋಲ್ಟಿನ ಚಾರ್ಜರ್ ಬೇಕು. ಮೊನೆಯು ಹೊಂದುತ್ತದೆಂಬ ಒಂದೇ ಕಾರಣಕ್ಕೆ ಬೇರೆ ವೋಲ್ಟಿನದನ್ನು ಸಿಕ್ಕಿಸುವುದು ಅವಿವೇಕ.

ತಂತ್ರಾಂಶದ ದೋಷವೇ ಎಂಬ ಸಂಶಯವನ್ನು ನಿವಾರಿಸುವ ಉಪಾಯ ಒಂದಿದೆ. ಯಂತ್ರವನ್ನು ಆರಂಭಿಸಿದೊಡನೆ ಬಯೋಸ್ ಎಂಬ ಮೂಲ ವ್ಯವಸ್ಥೆಯ ಪುಟವನ್ನು ತೆರೆದು, ವಿಂಡೋಸಿಗೆ ಹೋಗಗೊಡದೆ ಒಂದು ತಾಸು ಹಾಗೆಯೇ ಬಿಡುವುದು. ಅಲ್ಲಿಯೂ ಆರಿದರೆ ವಿಂಡೋಸ್ ನಿರಪರಾಧಿ. ವೈರಸ್ಸನ್ನು ದೂರುವುದೂ ವ್ಯರ್ಥ. ಪೆನ್‌ಡ್ರೈವಿನಿಂದ ಲಿನಕ್ಸನ್ನು ನಡೆಸಿ ನೋಡುವುದು ಇನ್ನೂ ಒಳ್ಳೆಯದು. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿದೆ, ವಿಂಡೋಸ್ ೧೧ ಇಷ್ಟು ಹಳೆಯ ಪ್ರೊಸೆಸರುಗಳಿಗೆ ಅಧಿಕೃತವಾಗಿ ಸಲ್ಲದು. ಆದುದರಿಂದ ಆ ಪರಿಚಯವು ಹೇಗೂ ಉಪಯುಕ್ತವೇ. ಮೆಮೊರಿಯ ದೋಷವನ್ನು ಶಂಕಿಸಿದಲ್ಲಿ ಮೆಮೊರಿ ಫಲಕಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸತಕ್ಕದ್ದು. ನಾಣ್ಯದಂತಹ ೩ ವೋಲ್ಟಿನ ಪುಟ್ಟ ಸೆಲ್ಲನ್ನು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಅದು ಕೆಟ್ಟರೆ ತಾರೀಖು, ವೇಳೆ ತಪ್ಪುತ್ತವೆ. ನಡೆಯುತ್ತಿರುವ ಯಂತ್ರವು ಅದರಿಂದ ಆರುವುದಿಲ್ಲ.

ಇಷ್ಟೆಲ್ಲವೂ ಕಳೆದು ದೋಷವು ಉಳಿದರೆ ಅದು ಮದರ್‌ಬೋರ್ಡಿನದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂತಹ ಪೇಟೆಗಳಲ್ಲಿ ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಒಂದೊಂದೇ ಬಿಡಿಭಾಗವನ್ನು ಬೆಸೆಯಬಲ್ಲ ಕುಶಲರಿದ್ದಾರೆ. ಅವರಿಗೆ ಆ ನೋಟುಪುಸ್ತಕವನ್ನೂ ತೋರಿಸಿದರೆ ಹುಡುಕಾಟದ ಹೊತ್ತು ಉಳಿಯುತ್ತದೆ. ತಗಲುವ ವೆಚ್ಚವು ಅಂತಹುದೇ ಇನ್ನೊಂದು ಹಳೆಯ ಯಂತ್ರದ ಬೆಲೆಯನ್ನು ಮೀರುವುದಾದರೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ.

ಶೋಧನೆಯು ನಡೆಯುತ್ತಿರುವ ದಿನಗಳಲ್ಲಿಯೂ ಬರವಣಿಗೆಯು ನಿಲ್ಲದಷ್ಟೆ. ವರ್ಡ್ ತಂತ್ರಾಂಶವು ತಾನಾಗಿ ಪ್ರತಿಯನ್ನು ಕಾಪಿಡುವ ಅಂತರವು ಮೊದಲಿಗೆ ೧೦ ನಿಮಿಷ ಎಂದಿರುತ್ತದೆ. ಅದನ್ನು ೧ ನಿಮಿಷಕ್ಕೆ ಇಳಿಸಬಹುದು. ಒಂದು ಪರಿಚ್ಛೇದ ಮುಗಿದಾಗಲೆಲ್ಲ ಕಡತವನ್ನು ಉಳಿಸುವುದು, ದಿನಾಂತ್ಯದಲ್ಲಿ ಪೆನ್‌ಡ್ರೈವಿಗೆ ಒಂದು ಪ್ರತಿಯನ್ನು ಇಳಿಸುವುದು ಅವಶ್ಯ. ಯಂತ್ರವು ಕೊನೆಗೂ ಮೇಲೇಳದೆ ಹೋದರೂ ಅದರ ಹಾರ್ಡ್ ಡಿಸ್ಕು ಬಹುತೇಕ ಜೀವಂತವಾಗಿಯೇ ಇರುತ್ತದೆ. ಟಿ೪೨೦ರಲ್ಲಿ ಅದು ಎರಡೂವರೆ ಅಂಗುಲದ ಸಾಮಾನ್ಯ ಸಾಟಾ ಡಿಸ್ಕು. ಬದಿಯ ಮುಚ್ಚಳದ ತಿರುಪನ್ನು ಸಡಿಲಿಸಿ ಹೊರಗೆಳೆದು, ಯು.ಎಸ್.ಬಿ. ಪೆಟ್ಟಿಗೆಯೊಂದರಲ್ಲಿ ಇಟ್ಟು ಬೇರೊಂದು ಗಣಕಕ್ಕೆ ಸೇರಿಸಿದರೆ ಒಳಗಿನ ಕಡತಗಳು ತೆರೆದುಕೊಳ್ಳುತ್ತವೆ. ಓಲೆಗರಿಯ ಪಾಠ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಹೀಗೆ ಪ್ರತಿಮಾಡಿಕೊಂಡು, ಡಿಸ್ಕನ್ನು ಶಾಲೆಯಲ್ಲಿಯೇ ಇರಿಸಿಕೊಂಡು, ಉಳಿದ ಭಾಗವನ್ನು ೨೦೨೨ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ತಲುಪುವಂತೆ ಒಪ್ಪಿಸತಕ್ಕದ್ದು.